ಜಕ್ಕೂರಿನ ವರ್ತಮಾನ

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ ನೆಲೆಸಿದ್ದಾರೆ. ವರ್ಷಕ್ಕೊಂದು ಸಲ, ಅಲ್ಲಿಯ ಬೇಸಗೆ ಮುಗಿಯುವ ವೇಳೆಗೆ, ಅವರಿಂದ ನಮಗೊಂದು ಲಕ್ಕೋಟೆ ಬರುವುದುಂಟು. ಅದರಲ್ಲಿ ಅವರು ಬರೆದ ಕಾಗದಕ್ಕಿಂತಲೂ ಮೊದಲು ನಾವು ಕೈಗೆತ್ತಿಕೊಳ್ಳುವುದು ಅದರ ಸಂಗಡ ಮಡಿಸಿಟ್ಟಿರುವ ಅವರ ಊರ ಪತ್ರಿಕೆಯನ್ನು. ಪತ್ರಿಕೆಯೆಂದೊಡನೆ ಶ್ರೋತೃಗಳು ದೊಡ್ಡದಾಗಿ ಏನನ್ನೂ ಊಹಿಸಿಕೊಳ್ಳಬೇಕಾದುದಿಲ್ಲ. ಎಂಟು ಹತ್ತು ಪುಟಗಳ ಒಂದು ತೆಳ್ಳನೆಯ ಹೊತ್ತಗೆ. ಊರವರೇ ಬರೆದು, ಊರವರೇ ಅಚ್ಚು ಹಾಕಿಸಿ, ಊರವರೇ ಮನೆಮನೆಗೂ ಹಂಚುವಂಥದು.

ಈಚೆಗೆ ಬಂದ ಸಂಚಿಕೆಯಿಂದ ನಮಗೆ ತಿಳಿದುಬಂದ ವಿಷಯಗಳು ಇವು. ಊರ ಬಯಲಿನಲ್ಲಿ ನಡೆಯುವ ಬೇಸಗೆಯ ಮೇಳಕ್ಕೆ ಕೇಕು ಮಾಡಿಕೊಡುವವರು ಇನ್ನೂ ನಾಲ್ವರು ಬೇಕಾಗಿದ್ದಾರೆ. ಹಗ್ಗ ಜಗ್ಗಾಟಕ್ಕೆ ಮೇಲಿನ ಬೀದಿಯ ಪಕ್ಷದಲ್ಲಿ ಆಳು ಸಾಲದು. ಸಭಾಮಂದಿರದ ಮಾಡು ಸೋರುತ್ತಿದೆ. ಕ್ರಿಕೆಟ್ ತಂಡವು ಪಕ್ಕದೂರಿನವರಿಗೆ ಸೋತಿತು. ಮಳೆ ಬಾರದೆ ಇದ್ದಿದ್ದರೆ ಗೆಲ್ಲುತ್ತಿತ್ತು. ಯಾರದೋ ಬೆಕ್ಕು ಕಳೆದುಹೋಗಿದೆ, ಬಣ್ಣ ಬೂದು, ಬಾಲದ ತುದಿ ಬಿಳಿದು. ಕೊನೆಯ ಪುಟದಲ್ಲಿ ಆ ತಿಂಗಳು ಹುಟ್ಟಿದವರ, ಮದುವೆಯಾದವರ, ತೀರಿಕೊಂಡವರ ಹೆಸರುಗಳು. ಇಷ್ಟೇ. ಲೋಕದಲ್ಲಿ ಏನೇನು ಆಗುತ್ತಿದ್ದರೂ ಈ ಹೊತ್ತಗೆಗೆ ಅದರ ಗೊಡವೆಯಿಲ್ಲ.

ಆಂಗ್ಲರಲ್ಲಿ ಈ ಪದ್ಧತಿ ಬಹಳ ಪ್ರಾಚೀನವಾದುದೇನೂ ಅಲ್ಲ. 1859ರಲ್ಲಿ ಎರ್ಸ್ಕಿನ್ ಕ್ಲಾರ್ಕ್ ಎಂಬ ಪಾದ್ರಿಯೊಬ್ಬರು ಡರ್ಬಿ ಪಟ್ಟಣದಲ್ಲಿ ಇಂಥ ಪತ್ರಿಕೆಯನ್ನು ಆರಂಭಿಸಿದರು. ದೇಶಕ್ಕೆಲ್ಲ ಒಂದೇ ಆಗಿ ಅಚ್ಚಾದ ಹಾಳೆಗಳಿಗೆ ಆಯಾ ಊರಿನವರು ತಮ್ಮ ಸುದ್ದಿಯ ಹಾಳೆಗಳನ್ನು ಸೇರಿಸಿ ಹೊಲಿದುಕೊಳ್ಳುವುದು ಅವರು ತೋರಿಸಿಕೊಟ್ಟ ಉಪಾಯ. ಆ ಬಳಿಕ 1894ರ ಕಾಯಿದೆಯಿಂದ ಹಳ್ಳಿಗಳಿಗೆ ಚುನಾಯಿತವಾದ ತಮ್ಮದೇ ಸಣ್ಣ ಸಭೆಗಳು ದೊರೆತಮೇಲೆ ಹೇಳಿಕೊಳ್ಳುವ ಸುದ್ದಿಯೂ ಹೆಚ್ಚಿತು, ಜಗಳವೂ ಹೆಚ್ಚಿತು. ಇವೆಲ್ಲಕ್ಕೂ ಹಿಂದೆಯೇ, 1824ರಿಂದ ಮುಂದಕ್ಕೆ, ಮೇರಿ ರಸೆಲ್ ಮಿಟ್‌ಫರ್ಡ್ ಎಂಬಾಕೆ ತಾನಿದ್ದ ಹಳ್ಳಿಯ ಸಣ್ಣಪುಟ್ಟ ಸಂಗತಿಗಳನ್ನೇ ಬರೆದು ಐದು ಸಂಪುಟಗಳನ್ನು ತುಂಬಿಸಿದ್ದಳು. ನಮ್ಮಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಚಿತ್ರಗಳನ್ನು ಬರೆದುದನ್ನು ಬಲ್ಲವರಿಗೆ ಈ ಜಾತಿಯ ಬರೆವಣಿಗೆಯ ಸೊಗಸನ್ನು ವಿವರಿಸಬೇಕಾಗಿಲ್ಲ.

ಆ ಹೊತ್ತಗೆಯನ್ನು ಓದಿ ಮುಗಿಸಿ ಮೇಜಿನಮೇಲೆ ಇಟ್ಟಾಗ ನಮಗೊಂದು ನಾಚಿಕೆ ಹುಟ್ಟಿತು. ನಾವು ಇರುವುದು ಜಕ್ಕೂರಿನಲ್ಲಿ. ಬಂದು ಹನ್ನೆರಡು ವರ್ಷಗಳಾದುವು. ಎಂಟು ಸಾವಿರ ಕಿಲೋಮೀಟರಿನಾಚೆಯ ಬೆಕ್ಕಿನ ಬಾಲದ ಬಣ್ಣವನ್ನು ಬಲ್ಲ ನಮಗೆ ನಮ್ಮ ಬೀದಿಯ ಮೂರನೆಯ ಮನೆಯವರ ಹೆಸರು ತಿಳಿಯದು. ಆದಕಾರಣ ಈ ದಿನದ ಭಾಷಣಕ್ಕೆ ನಾವು ಆರಿಸಿಕೊಂಡಿರುವ ವಿಷಯ ಜಕ್ಕೂರಿನ ಬೇಸಗೆಯ ವರ್ತಮಾನ. ಅದು ಯಾರಿಗೆ ಮುಟ್ಟುತ್ತದೆ, ಯಾರಿಗೆ ಮುಟ್ಟುವುದಿಲ್ಲ ಎಂಬುದು.

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದು, ಹೆಬ್ಬಾಳವನ್ನು ದಾಟಿ, ಯಲಹಂಕದ ಕಡೆಗೆ ಹೊರಟರೆ ಬಲಗಡೆಗೆ ಸಿಕ್ಕುವುದು ಜಕ್ಕೂರು. ಮೊದಲು ಕಣ್ಣಿಗೆ ಬೀಳುವುದು ಊರಲ್ಲ, ಬಯಲು. 1940ರ ದಶಕದ ಕೊನೆಯಲ್ಲಿ ಇಲ್ಲಿ ಸರ್ಕಾರದ ವಿಮಾನ ಶಿಕ್ಷಣ ಶಾಲೆ ಆರಂಭವಾಯಿತು. ಒಂದೆರಡು ಮಂದಿ ಕೂರುವ ಚಿಕ್ಕ ವಿಮಾನಗಳು ಗಿರಕಿ ಹೊಡೆಯುತ್ತ ಇಳಿದು ಏರಿದುದನ್ನು ಈ ಊರಿನ ಮೂರು ತಲೆಮಾರು ನೋಡಿದೆ. ಬೇರೆಯೂರಿನ ಮಕ್ಕಳು ವಿಮಾನದ ಸದ್ದಿಗೆ ಅಂಗಳಕ್ಕೆ ಓಡಿಬರುತ್ತಾರೆ. ಜಕ್ಕೂರಿನ ಮಕ್ಕಳು ಆಡುತ್ತಿದ್ದ ಬುಗುರಿಯಿಂದ ತಲೆಯನ್ನೇ ಎತ್ತುವುದಿಲ್ಲ. ಆ ಬಳಿಕ 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ ಸ್ಥಾಪಿತವಾಯಿತು; ಜಕ್ಕೂರಿನ ಹೆಸರು ಈಗ ದೇಶದೇಶಗಳ ವಿಜ್ಞಾನ ಪತ್ರಿಕೆಗಳಲ್ಲಿ ವಿಳಾಸವಾಗಿ ಅಚ್ಚಾಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ದೊಡ್ಡ ವಿಮಾನ ನಿಲ್ದಾಣ ತೆರೆದದ್ದೇ ತಡ, ಹೆದ್ದಾರಿಯ ಎರಡು ಕಡೆಯ ಹೊಲಗಳೂ ನಿವೇಶನಗಳಾದುವು, ನಿವೇಶನಗಳು ಗೋಪುರಗಳಾದುವು.

ಆಡಳಿತದ ಕಥೆಯನ್ನು ಬೇಗ ಮುಗಿಸಿಬಿಡಬಹುದು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಒಟ್ಟುಗೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಜಕ್ಕೂರು ಅದರ ಒಂದು ವಾರ್ಡಾಯಿತು. 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರಲ್ಲಿ ಮುಗಿದಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆ ಪಾಲಿಕೆಯೂ ಐದಾಗಿ ಒಡೆಯಿತು. ಹೀಗೆ ಮೇಲಿನ ಬೋರ್ಡುಗಳು ಬದಲಾದಷ್ಟು ಬೇಗ ಕೆಳಗಿನ ಊರು ಬದಲಾಗುವುದಿಲ್ಲ. ಗೋಪುರಗಳ ನಡುವೆ ಹುದುಗಿದಂತೆ ಹಳೆಯ ಬೀದಿಗಳು ಈಗಲೂ ಇವೆ. ಅಲ್ಲಿ ದೇವಸ್ಥಾನಗಳಿವೆ, ಬಾಗಿಲಲ್ಲಿ ಹಸು ಕಟ್ಟಿದ ಮನೆಗಳಿವೆ, ಎಲ್ಲರಿಗೂ ಎಲ್ಲರ ಸುದ್ದಿಯೂ ತಿಳಿದಿದೆ. ನಾವು ಇರುವುದು ಈ ಎರಡಕ್ಕೂ ನಡುವಣ ಒಂದು ಬಡಾವಣೆಯಲ್ಲಿ. ಆದುದರಿಂದ ಎರಡು ಕಡೆಯ ಸುದ್ದಿಯೂ ನಮಗೆ ಮುಟ್ಟುವುದಿಲ್ಲ.

ಊರ ಸುದ್ದಿಯನ್ನು ಹರಡುವ ಏರ್ಪಾಡು ನಮ್ಮ ಸೀಮೆಯಲ್ಲಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಆಂಗ್ಲರ ಹೊತ್ತಗೆಗಿಂತ ಎಷ್ಟೋ ಹಳೆಯದಾದುದೇ ಇತ್ತು. ಬೇಸಗೆಯ ಬಾಗಿಲಲ್ಲಿ ಯುಗಾದಿ ಬರುತ್ತಿತ್ತು. ದೇವಸ್ಥಾನದ ಮುಂದೆ ಪಂಚಾಂಗ ಶ್ರವಣ. ವರ್ಷದ ರಾಜನಾರು, ಮಂತ್ರಿಯಾರು, ಮೇಘಾಧಿಪತಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಯವರಿಗೆ ಆದಾಯವೆಷ್ಟು, ವ್ಯಯವೆಷ್ಟು ಎಂಬುದನ್ನೆಲ್ಲ ಊರು ಕೂತು ಕೇಳುತ್ತಿತ್ತು. ನಡೆಯುವುದಕ್ಕೆ ಮುಂಚಿತವಾಗಿಯೇ ಪ್ರಕಟವಾಗುವ ಇಂಥ ವರ್ತಮಾನ ಇಂಗ್ಲೆಂಡಿನ ಯಾವ ಪತ್ರಿಕೆಯಲ್ಲಿಯೂ ಇಲ್ಲ. ಇನ್ನು ದಿನದಿನದ ಸುದ್ದಿಗೆ ತಮಟೆ. ನಾಳೆ ಕಂದಾಯದ ವಸೂಲಿ, ನಾಡಿದ್ದು ಕೆರೆಯ ತೂಬಿನ ಕೆಲಸಕ್ಕೆ ಮನೆಗೊಂದಾಳು, ಬರುವ ಮಂಗಳವಾರ ಅಮ್ಮನಿಗೆ ಆರತಿ ಎಂದು ಬೀದಿಯ ತಿರುವಿನಲ್ಲಿ ನಿಂತು ಸಾರಿದರೆ ಅರ್ಧ ಗಳಿಗೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಅಕ್ಷರ ಬಾರದವನಿಗೂ ಮುಟ್ಟುತ್ತಿತ್ತು.

ಇದನ್ನು ಹೇಳುವಾಗ ಹಳೆಯದರ ಮೇಲಿನ ಮೋಹದಿಂದ ಒಂದು ಮಾತನ್ನು ಮರೆಯುವ ಅಭ್ಯಾಸ ನಮ್ಮಂಥ ಓದಿದವರಿಗೆ ಉಂಟು. ತಮಟೆ ತಾನಾಗಿ ನುಡಿಯುತ್ತಿರಲಿಲ್ಲ. ಅದನ್ನು ಹೊರಬೇಕಾದವನು ಹುಟ್ಟಿನಿಂದಲೇ ಗೊತ್ತಾಗಿದ್ದನು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಂಬ ಈ ಕೈಂಕರ್ಯಗಳು ತಂದೆಯಿಂದ ಮಗನಿಗೆ ಇಳಿಯುತ್ತಿದ್ದುವು. ಕೆಲವರಿಗೆ ಅದು ಗೌರವವಾಗಿತ್ತು, ಕೆಲವರಿಗೆ ಬಿಟ್ಟಿಯಾಗಿತ್ತು. 1961ರ ಕಾಯಿದೆಯೊಂದು ಈ ಆನುವಂಶಿಕ ಗ್ರಾಮಾಧಿಕಾರಗಳನ್ನು ರದ್ದು ಮಾಡಿ 1963ರ ಫೆಬ್ರವರಿಯಿಂದ ಜಾರಿಗೆ ಬಂದಿತು. ಆಗಬೇಕಾದುದೇ ಆಯಿತು. ಆದರೆ ಸುದ್ದಿಯನ್ನು ಹೊರುವ ಕೆಲಸವನ್ನು ಅವರ ಹೆಗಲಿನಿಂದ ಇಳಿಸಿದಮೇಲೆ ಬೇರೆ ಯಾರೂ ಅದಕ್ಕೆ ಹೆಗಲು ಕೊಡಲಿಲ್ಲ.

ನಮಗೆ ಈ ಸಂಗತಿಯನ್ನು ತಿಳಿಯಪಡಿಸಿದವರು ಕೆರೆಯ ಏರಿಯ ಮೇಲೆ ಪರಿಚಯವಾದ ಒಬ್ಬ ಮುದುಕರು. ಅವರ ತಂದೆ ನೀರುಗಂಟಿ. ತೂಬನ್ನು ತೆಗೆಯುವುದು, ಕೆಳಗಣ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದ ರಾತ್ರಿ ಕೋಡಿಯ ಬಳಿ ಕಾವಲಿರುವುದು ಆತನ ಕೆಲಸ. ಸುಗ್ಗಿಯಲ್ಲಿ ಕಣಕಣಕ್ಕೂ ಹೋಗಿ ಪಡೆಯುವ ದವಸ ಅದಕ್ಕೆ ಸಂಬಳ. ತಂದೆಯ ತಮ್ಮ ತಮಟೆ ಹೊಡೆಯುವವನು. ‘ಹಬ್ಬಕ್ಕೆ ಊರ್ನೆಲ್ಲಾ ಕರಿಯೋನು ನಮ್ ಚಿಕ್ಕಪ್ಪ ಸ್ವಾಮಿ. ಅವನ್ನ ಕರಿಯೋರು ಯಾರೂ ಇರ್ಲಿಲ್ಲ’ ಎಂದು ಅವರು ಒಂದು ದಿನ ಹೇಳಿದರು. ಕೋಪದಿಂದಲ್ಲ, ಕೋಡಿಯ ಎತ್ತರವನ್ನು ಹೇಳುವಷ್ಟೇ ಸಹಜವಾಗಿ ಹೇಳಿದರು.

ಜಕ್ಕೂರಿನ ಕೆರೆಯ ವಿಸ್ತೀರ್ಣ ಸುಮಾರು 160 ಎಕರೆ. ಬೆಂಗಳೂರಿನ ಕೆರೆಗಳೆಲ್ಲದರಂತೆ ಇದೂ ಒಂದು ಸರಪಣಿಯ ಕೊಂಡಿ. ಮೇಲೆ ಯಲಹಂಕದ ಕೆರೆ. ಅದರ ಹೆಚ್ಚಿನ ನೀರು ಜಕ್ಕೂರಿಗೆ, ಜಕ್ಕೂರಿನ ಹೆಚ್ಚಿನ ನೀರು ಕೆಳಗಣ ರಾಚೇನಹಳ್ಳಿಗೆ. ಹಳೆಯ ಕಾಲದಲ್ಲಿ ಈ ಊರಿನ ಬೇಸಗೆಯ ಮುಖ್ಯ ಸಮಾಚಾರವೆಂದರೆ ಕೆರೆ ಬತ್ತುವುದು. ಚೈತ್ರ ಕಳೆಯುವ ಹೊತ್ತಿಗೆ ನೀರು ತೂಬಿನ ಸುತ್ತಿನ ಒಂದು ಮಡುವಾಗಿ ಉಳಿಯುತ್ತಿತ್ತಂತೆ. ಆಗ ಮೀನಿಗೆ ಇಳಿಯುವವರು, ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಸಾಗಿಸುವವರು, ಒಣಗಿದ ಅಂಗಳದಲ್ಲಿ ಚಿನ್ನಿದಾಂಡು ಆಡುವ ಹುಡುಗರು, ದನ ಬಿಟ್ಟುಕೊಂಡು ಹುಣಸೆಯ ನೆರಳಿನಲ್ಲಿ ಮಲಗಿದವರು, ಹೀಗೆ ಊರೆಲ್ಲ ಕೆರೆಯೊಳಗೇ ಇರುತ್ತಿತ್ತು. ಭರಣಿಯ ಮಳೆ ಬೀಳುವುದರೊಳಗೆ ಹೂಳು ತೆಗೆದು ಏರಿಯನ್ನು ಸರಿಪಡಿಸಬೇಕು. ಇಂಗ್ಲೆಂಡಿನವರು ಬೇಸಗೆಯಲ್ಲಿ ಹಸುರು ಬಯಲಿಗೆ ಬಂದು ಸೇರಿದರೆ ನಮ್ಮವರು ಬತ್ತಿದ ಕೆರೆಗೆ ಇಳಿಯುತ್ತಿದ್ದರು, ಭೇದ ಅಷ್ಟೇ.

ಈಗ ಆ ಕೆರೆ ಬತ್ತುವುದೇ ಇಲ್ಲ. ಇದರ ಕಾರಣವು ಕೇಳತಕ್ಕುದಾಗಿದೆ. ಕಾವೇರಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಮೇಲೆ ಮೇಲೆ ಎತ್ತಿ ತಂದ ನೀರು ಯಲಹಂಕದ ಕಡೆಯ ಮನೆಗಳಲ್ಲಿ ಸ್ನಾನಕ್ಕೂ ಪಾತ್ರೆಗೂ ಬಳಕೆಯಾಗಿ ಚರಂಡಿಗೆ ಹೋಗುತ್ತದೆ. ಕೆರೆಯ ಉತ್ತರದ ತುದಿಯಲ್ಲಿ ಜಲಮಂಡಲಿಯ ಶುದ್ಧೀಕರಣ ಸ್ಥಾವರವೊಂದಿದೆ. ದಿನಕ್ಕೆ 10 ದಶಲಕ್ಷ ಲೀಟರುಗಳನ್ನು ಶುದ್ಧಿ ಮಾಡುವ ಸ್ಥಾವರವಾಗಿ ಅದನ್ನು ಕಟ್ಟಿದರು. ಅಲ್ಲಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳದೆ ಜೊಂಡು ಬೆಳೆದ ಒಂದು ಜೌಗಿನ ಮೂಲಕ ಮೆಲ್ಲಗೆ ಹಾದು ಬರುತ್ತದೆ. ಜೊಂಡಿನ ಬೇರುಗಳೂ ಅಲ್ಲಿ ನೆಲಸಿದ ಸೂಕ್ಷ್ಮಜೀವಿಗಳೂ ನೀರಿನಲ್ಲಿ ಉಳಿದ ಸಾರವನ್ನು ಹೀರಿಕೊಳ್ಳುತ್ತವೆ. 2010ರ ಆಸುಪಾಸಿನಲ್ಲಿ ಅಭಿವೃದ್ಧಿ ಪ್ರಾಧಿಕಾರವು ಕೆರೆಯನ್ನು ಜೀರ್ಣೋದ್ಧಾರ ಮಾಡಿ ಸುತ್ತಲೂ ಕಾಲುದಾರಿಯನ್ನು ಹಾಕಿಸಿತು. 2015ರ ಸುಮಾರಿಗೆ ಸುತ್ತಮುತ್ತಣ ನಿವಾಸಿಗಳು ಸೇರಿ ‘ಜಲಪೋಷಣ’ ಎಂಬ ಸಂಘವನ್ನು ಕಟ್ಟಿ ಕೆರೆಯ ಯೋಗಕ್ಷೇಮದಲ್ಲಿ ಪಾಲಿಕೆಗೆ ನೆರವಾಗತೊಡಗಿದರು. ವೈಶಾಖದ ಬಿಸಿಲಿನಲ್ಲಿಯೂ ಹೆಜ್ಜಾರ್ಲೆಗಳು ಇಲ್ಲಿ ತೇಲುತ್ತಿರುತ್ತವೆ. ನೀರುಕಾಗೆಗಳು ನಡುಗಡ್ಡೆಯ ಮರಗಳ ಮೇಲೆ ರೆಕ್ಕೆಯನ್ನು ಒಣಹಾಕಿಕೊಂಡು ಕೂತಿರುತ್ತವೆ.

ನೀರುಗಂಟಿಯ ಮಗ ಇದನ್ನೆಲ್ಲ ಹೇಗೆ ಕಾಣುತ್ತಿದ್ದರೆಂಬ ಕುತೂಹಲ ನಮಗಿತ್ತು. ‘ಯಜಮಾನರೇ, ಕೆರೆಯಲ್ಲಿ ವರ್ಷವೆಲ್ಲ ನೀರಿದೆ, ನಿಮಗೆ ಸಂತೋಷವಲ್ಲವೆ?’ ಎಂದು ಕೇಳಿದೆವು. ಅವರು ಬೀಡಿಯನ್ನು ಆರಿಸಿ ಕಿವಿಯ ಮೇಲಿಟ್ಟುಕೊಂಡು, ‘ನೀರಿದ್ದಾಗ ಕೆರೆ ನೋಡೋರು ಬಾಳ ಜನ ಸ್ವಾಮಿ. ನೀರಿಲ್ದಾಗ ನೋಡ್ದೋನೇ ನೀರುಗಂಟಿ’ ಎಂದರು. ಅನಂತರ ಸ್ವಲ್ಪ ತಡೆದು, ತೂಬನ್ನು ತೋರಿಸಿ, ಅದನ್ನು ತೆಗೆದರೆ ಈಗ ನೀರು ಯಾರ ಗದ್ದೆಗೆ ಹೋಗಬೇಕು ಎಂದು ನಮ್ಮನ್ನೇ ಕೇಳಿದರು. ಕೆಳಗೆ ಗದ್ದೆಯಿಲ್ಲ. ಇರುವುದು ನಮ್ಮಂಥವರ ಮನೆಗಳು.

ಆದರೂ ಊರಿನ ಎರಡು ಭಾಗಗಳೂ ಮುಖಾಮುಖಿಯಾಗುವ ಜಾಗ ಒಂದಿದ್ದರೆ ಅದು ಈ ಏರಿಯೇ. ನಸುಕಿನಲ್ಲಿ ತೆಪ್ಪದ ಮೇಲೆ ಬಲೆ ಎಳೆಯುವವರು, ಹಸುವಿಗೆ ಹುಲ್ಲು ಕೊಯ್ದು ಹೊರೆ ಕಟ್ಟುವ ಹೆಂಗಸರು, ಕುತ್ತಿಗೆಗೆ ದುರ್ಬೀನು ತೂಗುಹಾಕಿಕೊಂಡು ಹಕ್ಕಿಗಳ ಪಟ್ಟಿ ಬರೆಯುವವರು, ವೈದ್ಯರ ಆಜ್ಞೆಯಿಂದ ನಡೆಯುವ ನಮ್ಮಂಥವರು, ಎಲ್ಲರೂ ಒಂದೇ ದಾರಿಯಲ್ಲಿ ಎದುರಾಗುತ್ತೇವೆ. ಎದುರಾಗುತ್ತೇವೆ ಎಂದೆವೇ ಹೊರತು ಮಾತನಾಡುತ್ತೇವೆ ಎನ್ನಲಿಲ್ಲ. ಹುಲ್ಲು ಕೊಯ್ಯುವಾಕೆಗೆ ಹೆಜ್ಜಾರ್ಲೆಯ ಸುದ್ದಿ ಬೇಡ; ಹಕ್ಕಿ ನೋಡುವವರಿಗೆ ಹುಲ್ಲಿನ ಸುದ್ದಿ ಬೇಡ. ಅಂತರಗಂಗೆ ಹಬ್ಬಿ ನೀರನ್ನು ಮುಚ್ಚಿದಾಗ ಮಾತ್ರ ಎಲ್ಲರೂ ಒಂದೆಡೆ ನಿಂತು ಬಯ್ಯುತ್ತಾರೆ. ಬಲೆಗೆ ಅಡ್ಡಿ, ಹಕ್ಕಿಗೆ ಅಡ್ಡಿ, ಕಣ್ಣಿಗೂ ಅಡ್ಡಿ. ಕಳೆಯೊಂದು ಇಷ್ಟು ಜನರನ್ನು ಕೂಡಿಸಬಲ್ಲುದೆಂಬುದನ್ನು ನಾವು ಇಲ್ಲಿಯೇ ಕಂಡೆವು.

ಬೇಸಗೆಯ ಉಳಿದ ಸಮಾಚಾರಗಳೂ ಹೀಗೆ ಎರಡು ಸಾಲಾಗಿ ನಡೆಯುತ್ತವೆ. ಗೋಪುರಗಳ ಕಡೆ ಮಕ್ಕಳಿಗೆ ಬೇಸಗೆಯ ಶಿಬಿರ; ಮಣ್ಣಿನ ಗಡಿಗೆ ಮಾಡುವುದನ್ನು ಹಣ ಕೊಟ್ಟು ಕಲಿಯುತ್ತಾರೆ. ಹಳೆಯ ಬೀದಿಗಳ ಕಡೆ ರಾಮನವಮಿಯ ಪಾನಕ, ಮಜ್ಜಿಗೆ, ಕೋಸಂಬರಿ. ಅದಕ್ಕೆ ಹಣವಿಲ್ಲ, ಲೋಟಕ್ಕೆ ಮಾತ್ರ ನೂಕುನುಗ್ಗಲು. ಚೈತ್ರದ ಹುಣ್ಣಿಮೆಯ ಇರುಳು ತಿಗಳರ ಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವನ್ನು ನೋಡುವುದಕ್ಕೆ ಇಲ್ಲಿಂದಲೂ ಜನ ಹೋಗಿಬರುತ್ತಾರೆ. ಮಾರನೆಯ ದಿನ ಕಚೇರಿಗಳಲ್ಲಿ ಅವರ ಕಣ್ಣು ಕೆಂಪು.

ಇವೆಲ್ಲದರಲ್ಲಿ ನಮ್ಮ ಮನಸ್ಸಿಗೆ ಒಪ್ಪಿಗೆಯಾದುದು ನಾಟಕ. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಬೇಸಗೆಯೆಂದರೆ ‘ಕುರುಕ್ಷೇತ್ರ’. ಹಾಲು ಮಾರುವವನು, ಬಸ್ಸು ನಡೆಸುವವನು, ಪಾಲಿಕೆಯ ಗುಮಾಸ್ತೆ ಇವರೆಲ್ಲ ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಅಭ್ಯಾಸ ಮಾಡುತ್ತಾರೆ. ಲೋಕದ ಬೇರೆ ನಾಟಕಗಳಲ್ಲಿ ನಟನಿಗೆ ಹಣ ಕೊಡುತ್ತಾರೆ; ಇಲ್ಲಿ ನಟನೇ ಪಾತ್ರಕ್ಕೆ ಹಣ ಕೊಡುತ್ತಾನೆ. ಪದ್ಯ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಕೃಷ್ಣನಿಗೂ ದುರ್ಯೋಧನನಿಗೂ ಅತ್ಯಂತ ದುಬಾರಿ, ಧರ್ಮರಾಯ ಸ್ವಲ್ಪ ಅಗ್ಗ. ಧರ್ಮವು ಎಲ್ಲ ಕಾಲದಲ್ಲಿಯೂ ಅಗ್ಗವೆಂದು ನಮ್ಮ ಪಕ್ಕದಲ್ಲಿ ಕೂತಿದ್ದವರೊಬ್ಬರು ಗೊಣಗಿದರು. ರಾತ್ರಿ ಹತ್ತಕ್ಕೆ ಆರಂಭವಾದುದು ಬೆಳಗಿನ ಜಾವಕ್ಕೂ ಮುಗಿಯುವುದಿಲ್ಲ. ದುರ್ಯೋಧನನಿಗೆ ತೊಡೆ ಮುರಿಯುವ ವೇಳೆಗೆ ಹಾಲು ಕರೆಯುವ ಹೊತ್ತಾಗಿರುತ್ತದೆ. ಕಿರೀಟವನ್ನು ತೆಗೆದಿಟ್ಟು ಆತ ಹಾಗೆಯೇ ಕೊಟ್ಟಿಗೆಗೆ ನಡೆಯುತ್ತಾನೆ. ಗೋಪುರಗಳ ಬಿಸಿಲುಮಚ್ಚಿನಲ್ಲಿ ನಿಂತು, ಧ್ವನಿವರ್ಧಕದ ಸದ್ದಿಗೆ ನಿದ್ರೆಗೆಟ್ಟು, ಪೊಲೀಸಿನವರಿಗೆ ದೂರವಾಣಿ ಮಾಡುವವರೂ ಇದ್ದಾರೆ. ಅವರ ಕಷ್ಟವನ್ನು ನಾವು ತಳ್ಳಿಹಾಕುವುದಿಲ್ಲ. ನಾಟಕ ಇದೆಯೆಂದು ಅವರಿಗೆ ಮೊದಲೇ ಹೇಳಿದ್ದರೆ, ಕೂರುವುದಕ್ಕೆ ಒಂದು ಚಾಪೆಯ ಜಾಗವನ್ನು ತೋರಿಸಿದ್ದರೆ, ಆ ದೂರವಾಣಿಗಳಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿತ್ತೆಂದು ಮಾತ್ರ ನಮ್ಮ ನಂಬಿಕೆ.

ಹೇಳುವವರು ಯಾರು ಎಂಬಲ್ಲಿಗೆ ಮತ್ತೆ ಬಂದೆವು. ಇದು ಸ್ಪಷ್ಟವಾಗುವುದು ಊರಹಬ್ಬದಲ್ಲಿ. ಬೇಸಗೆಯ ನಡುವೆ ಗ್ರಾಮದೇವತೆಗೆ ಒಂದು ಮಂಗಳವಾರವನ್ನು ಗೊತ್ತುಮಾಡಿ ಸಾರುತ್ತಾರೆ. ಸಾರಿದಮೇಲೆ ಹಬ್ಬ ಕಳೆಯುವತನಕ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಊರಿನವರು ಹೊರಗೆ ರಾತ್ರಿ ತಂಗಬಾರದು ಎಂಬ ಕಟ್ಟು ಕೆಲವು ಊರುಗಳಲ್ಲಿ ಉಂಟು. ಹಬ್ಬದ ಸಂಜೆ ಹೆಂಗಸರು ತಂಬಿಟ್ಟಿನಲ್ಲಿ ದೀಪವನ್ನು ಹಚ್ಚಿ, ಹೂವಿನಿಂದ ಸಿಂಗರಿಸಿ, ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುತ್ತಾರೆ. ಇದರ ಖರ್ಚಿಗೆ ಮನೆಮನೆಯಿಂದಲೂ ವಂತಿಗೆ. ಹಳ್ಳಿಯ ಜನಗಣತಿಯೆಂದರೆ ಈ ವಂತಿಗೆಯ ಪುಸ್ತಕವೇ. ಸರ್ಕಾರದ ಪಟ್ಟಿಯಲ್ಲಿ ಯಾರ ಹೆಸರಿದ್ದರೂ ಸರಿಯೆ, ಈ ಪುಸ್ತಕದಲ್ಲಿ ಹೆಸರಿದ್ದವನು ಊರವನು, ಇಲ್ಲದವನು ಊರಲ್ಲಿ ಇರುವವನು. ನಮ್ಮ ಬಡಾವಣೆಗೆ ಆ ಪುಸ್ತಕ ಬಂದದ್ದೇ ಇಲ್ಲ. ಅದು ಬಾರದಿದ್ದುದು ಮೊದಮೊದಲು ನಮಗೆ ಉಳಿತಾಯವೆಂದೇ ತೋರಿತ್ತು.

2023ರ ಬೇಸಗೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳು ನಮ್ಮ ಮೇಜನ್ನು ತುಂಬಿದ್ದುವು. ಒಂದು ಮಧ್ಯಾಹ್ನ ಹಳೆಯ ಬೀದಿಯ ಕಡೆಯಿಂದ ತಮಟೆಯ ಸದ್ದು ಕೇಳಿಸಿತು. ಯಾವುದೋ ಉತ್ಸವವೆಂದುಕೊಂಡು ಕಿಟಕಿಯನ್ನು ಮುಚ್ಚಿದೆವು; ವಾರದೊಳಗೆ ಅಂಕಗಳನ್ನು ಒಪ್ಪಿಸಬೇಕಾಗಿತ್ತು. ಅಂಕಗಳನ್ನು ಒಪ್ಪಿಸಿ, ಅನಂತರ ನಾಲ್ಕು ದಿನ ನೆಂಟರ ಮನೆಯಲ್ಲಿ ಮದುವೆಯೂಟ ಮಾಡಿ, ಹಿಂದಿರುಗಿ ಬಂದು ಏರಿಯ ಮೇಲೆ ನಡೆಯುವಾಗ ಮುದುಕರು ಕಾಣಲಿಲ್ಲ. ಚಹದಂಗಡಿಯವರನ್ನು ವಿಚಾರಿಸಿದೆವು. ‘ಹನ್ನೊಂದು ದಿನ ಆಯ್ತಲ್ಲ ಮೇಷ್ಟ್ರೇ, ತಿಥೀನೂ ಆಗೋಯ್ತು. ತಮಟೆ ಕೇಳ್ಲಿಲ್ವಾ?’ ಎಂದರು.

ಕೇಳಿತ್ತು. ಹಬ್ಬದ ತಮಟೆಯ ಗತ್ತು ಬೇರೆ, ಸಾವಿನ ಗತ್ತು ಬೇರೆ. ಆ ಬೀದಿಯ ಹಸುಳೆಗೂ ಅದು ತಿಳಿಯುತ್ತದೆ. ಷೇಕ್ಸ್‌ಪಿಯರನ ಛಂದಸ್ಸಿನಲ್ಲಿ ಎಲ್ಲಿ ಒತ್ತು ಬೀಳುತ್ತದೆಂಬುದನ್ನು ಇಪ್ಪತ್ತು ವರ್ಷದಿಂದ ಹುಡುಗರಿಗೆ ಕಲಿಸುತ್ತಿರುವ ನಮಗೆ ಇದು ತಿಳಿಯಲಿಲ್ಲ. ಒಂಬತ್ತು ವರ್ಷ ನಮ್ಮ ಜೊತೆ ಬೆಳಗಿನ ಹೊತ್ತು ಕೂತು ಮಾತನಾಡಿದವರು ಅರ್ಧ ಮೈಲಿಯೊಳಗೆ ತೀರಿಕೊಂಡು, ಅದನ್ನು ಊರಿಗೆಲ್ಲ ಕೇಳುವಂತೆ ಸಾರಿ, ಆ ಸದ್ದು ನಮ್ಮ ಕೋಣೆಯವರೆಗೂ ಬಂದು, ನಾವು ಕಿಟಕಿ ಮುಚ್ಚಿದೆವು. ಇಂಗ್ಲೆಂಡಿನ ಆ ಹೊತ್ತಗೆಯ ಕೊನೆಯ ಪುಟವನ್ನು ನೋಡಿದಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

ಮಾರನೆಯ ವರ್ಷ, 2024ರ ಬೇಸಗೆ, ಬೆಂಗಳೂರಿನಲ್ಲಿ ಯಾರೂ ಮರೆಯುವಂಥದಲ್ಲ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಮಾರ್ಚಿಯ ಹೊತ್ತಿಗೆ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದ್ದುವು. ನೀರಿನ ಲಾರಿಗಾಗಿ ಕಾಯುವುದೇ ಎಲ್ಲ ಮನೆಗಳ ಉದ್ಯೋಗವಾಗಿತ್ತು. ಜಕ್ಕೂರಿನ ಕೆರೆಯಲ್ಲಿ ಮಾತ್ರ ನೀರಿತ್ತು. ನಗರವೇ ಬಳಸಿ ಬಿಟ್ಟ ನೀರು, ನಗರವೇ ಒಣಗಿ ನಿಂತಾಗ, ಬಿಸಿಲಿಗೆ ಥಳಥಳಿಸುತ್ತಿತ್ತು. ಅಂಥ ಒಂದು ಭಾನುವಾರದ ಬೆಳಗ್ಗೆ ನಮ್ಮ ಬಾಗಿಲಿಗೆ ಇಬ್ಬರು ಹುಡುಗರು ಬಂದರು. ಒಬ್ಬನ ಕೈಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಮಳೆಗಾಗಿ ಅಮ್ಮನಿಗೆ ಈ ಸಲ ಹಬ್ಬವನ್ನು ಚೆನ್ನಾಗಿ ಮಾಡಬೇಕೆಂದು ಗೊತ್ತಾಗಿದೆ, ಬಡಾವಣೆಯವರನ್ನೂ ಕೇಳೋಣವೆಂದು ತೀರ್ಮಾನವಾಗಿದೆ ಎಂದನು.

ಪುಸ್ತಕದ ಮುಂದಿನ ಹಾಳೆಗಳಲ್ಲಿ ಮನೆಗಿಷ್ಟೆಂದು ಗೊತ್ತಾದ ವಂತಿಗೆ. ಹಿಂದಿನ ಹಾಳೆಗಳಲ್ಲಿ ‘ದಾನಿಗಳು’ ಎಂಬ ತಲೆಬರಹ, ಅಲ್ಲಿ ಅವರವರು ಕೊಟ್ಟಷ್ಟು. ಹುಡುಗನು ಹಿಂದಿನ ಹಾಳೆಯನ್ನು ತೆರೆದು, ‘ಯಾರ್ ಹೆಸರಲ್ಲಿ ಬರೀಲಿ ಸಾರ್?’ ಎಂದನು. ನಾವು ಹೆಸರನ್ನು ಹೇಳಿದೆವು. ಅವನು ಬರೆಯದೆ ನಮ್ಮ ಮುಖವನ್ನು ನೋಡಿ, ‘ಏರಿ ಮೇಲೆ ನಮ್ ತಾತನ್ ಜೊತೆ ಕೂತ್ಕೋತಿದ್ದ ಮೇಷ್ಟ್ರು ನೀವೇ ಅಲ್ವಾ ಸಾರ್?’ ಎಂದನು. ಚಿಕ್ಕಪ್ಪನನ್ನು ಹಬ್ಬಕ್ಕೆ ಕರೆಯುವವರಿರಲಿಲ್ಲವೆಂದು ಹೇಳಿದವರ ಮೊಮ್ಮಗ ಹಬ್ಬದ ಪುಸ್ತಕವನ್ನು ಹಿಡಿದು ನಿಂತಿದ್ದನು. ತಾತನ ಕಾರ್ಯಕ್ಕೆ ಬರಲಾಗಲಿಲ್ಲವೆಂದು ನಾವು ಏನೋ ತೊದಲಿದೆವು. ‘ನಿಮ್ಗೆ ಹೇಳೋಣ ಅಂತಿದ್ರು ಸಾರ್ ನಮ್ಮಪ್ಪ. ಮನೆ ಯಾವ್ದು ಅಂತ ಗೊತ್ತಿರ್ಲಿಲ್ಲ’ ಎಂದು ಹೇಳಿ, ಅವನು ಹಾಳೆಗಳನ್ನು ಮುಂದಕ್ಕೆ ತಿರುವಿ, ಊರವರ ಪಟ್ಟಿಯ ಕೆಳಗೆ ನಮ್ಮ ಹೆಸರನ್ನು ಬರೆದನು.

ನಾವು ಐನೂರು ರೂಪಾಯಿಯ ನೋಟನ್ನು ಕೊಟ್ಟೆವು. ಊರವರಿಗೆ ಮುನ್ನೂರೇ ಎಂದು ಇನ್ನೂರನ್ನು ಹಿಂದಕ್ಕೆ ಕೊಟ್ಟನು. ಗೇಟನ್ನು ಹಾಕಿಕೊಳ್ಳುತ್ತ, ಆ ಮೂರನೆಯ ಮನೆಯವರ ಹೆಸರೇನು ಸಾರ್ ಎಂದು ನಮ್ಮನ್ನು ಕೇಳಿದನು. ಗೊತ್ತಿಲ್ಲವೆಂದೆವು. ಸರಿ ಸಾರ್, ನಾನೇ ಕೇಳ್ತೀನಿ ಎಂದು ಅತ್ತ ನಡೆದನು.